ಬರ ಮುಗಿದ ಮೇಲೆ ಏಳುವ ಜ್ವರ

ಅಮೆರಿಕದ ಕ್ಯಾಲಿಫೋರ್ನಿಯ ಮತ್ತು ಅರಿಜೋನಾದ ಒಣನೆಲದಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ ಮಣ್ಣಿನೊಳಗೆ ಬದುಕುತ್ತದೆ. ಮಳೆ ಬಿದ್ದಾಗ ಅದು ಎಳೆಎಳೆಯಾಗಿ ಬೆಳೆಯುತ್ತದೆ. ನೆಲ ಒಣಗಿದಾಗ ಆ ಎಳೆಗಳು ತುಂಡಾಗಿ, ಕಣ್ಣಿಗೆ ಕಾಣದ ಬೀಜಕಗಳಾಗಿ ಧೂಳಿನೊಡನೆ ಗಾಳಿಗೆ ಏರುತ್ತವೆ. ಉಸಿರಿನ ಮೂಲಕ ಶ್ವಾಸಕೋಶ ಸೇರಿದ ಬೀಜಕಗಳಿಂದ ಬರುವ ಕಾಯಿಲೆಗೆ ಅಲ್ಲಿನ ಜನ ವ್ಯಾಲಿ ಫೀವರ್ ಎನ್ನುತ್ತಾರೆ. ಇದಕ್ಕೆ ಮನುಷ್ಯರಿಗಾಗಿ ಲಸಿಕೆ ಇನ್ನೂ ಇಲ್ಲ.

ಸಾಂಕ್ರಾಮಿಕ ರೋಗತಜ್ಞೆ ಜೆನ್ನಿಫರ್ ಹೆಡ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ 2000ರಿಂದ 2020ರವರೆಗೆ ದಾಖಲಾದ ಪ್ರಕರಣಗಳನ್ನು ಮಳೆ ಮತ್ತು ತಾಪಮಾನದ ಲೆಕ್ಕದೊಡನೆ ಹೋಲಿಸಿ ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬರಗಾಲದ ವರ್ಷಗಳಲ್ಲಿ ರೋಗ ತಗ್ಗುತ್ತದೆ, ಆದರೆ ಬರ ಮುಗಿದು ಮಳೆ ಬಂದ ನಂತರದ ವರ್ಷಗಳಲ್ಲಿ ಮೊದಲಿಗಿಂತ ಜೋರಾಗಿ ಏಳುತ್ತದೆ. ಒಣಹವೆಯನ್ನು ತಾಳಿಕೊಳ್ಳುವ ಬೀಜಕಗಳು ಮಣ್ಣಿನಲ್ಲಿ ಉಳಿದು, ಅವುಗಳೊಡನೆ ಸ್ಪರ್ಧಿಸುವ ಇತರ ಸೂಕ್ಷ್ಮಜೀವಿಗಳು ಸಾಯುವುದೇ ಇದಕ್ಕೆ ಕಾರಣವಿರಬಹುದೆಂಬುದು ಸಂಶೋಧಕರ ಊಹೆ. ಹವಾಮಾನ ಬದಲಾವಣೆಯಿಂದ ತೀವ್ರ ಬರ ಮತ್ತು ತೀವ್ರ ಮಳೆ ಒಂದರ ಹಿಂದೊಂದು ಬರುವುದು ಹೆಚ್ಚಾದರೆ ಈ ಶಿಲೀಂಧ್ರಕ್ಕೆ ಅದಕ್ಕಿಂತ ಅನುಕೂಲದ ಕಾಲ ಬೇರೆ ಇರಲಾರದು. 2024ರಲ್ಲಿ ಕ್ಯಾಲಿಫೋರ್ನಿಯ ಒಂದರಲ್ಲೇ 12,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು.

ಆದ್ದರಿಂದ ರೋಗಿಗಳ ಸಂಖ್ಯೆ ಇಳಿದ ಬರದ ವರ್ಷವನ್ನು ಆರೋಗ್ಯ ಇಲಾಖೆಗಳು ನೆಮ್ಮದಿಯ ವರ್ಷವೆಂದು ಭಾವಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ವೈದ್ಯರಿಗೆ ಎಚ್ಚರಿಕೆ ಕೊಡುವುದು, ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುವುದು, ಕಾರ್ಮಿಕರಿಗೆ ಮುಖಗವಸು ಒದಗಿಸುವುದು, ಇವೆಲ್ಲ ಆಗಲೇ ನಡೆಯಬೇಕು. ಕೆಮ್ಮು, ಜ್ವರ, ಸುಸ್ತು ಕಂಡೊಡನೆ ಸಾಮಾನ್ಯ ನ್ಯುಮೋನಿಯಾ ಎಂದು ತಿಳಿದು ಆ್ಯಂಟಿಬಯಾಟಿಕ್ ಬರೆದುಕೊಡುವುದುಂಟು. ಶಿಲೀಂಧ್ರದ ಮೇಲೆ ಅದು ಕೆಲಸ ಮಾಡುವುದಿಲ್ಲ. ಅರಿಜೋನಾದ ಫೀನಿಕ್ಸ್ ಕಡೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಊರಿಗೆ ಬಂದಾಗ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ತಾವು ಎಲ್ಲಿದ್ದೆವೆಂಬುದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಇಲ್ಲಿ ಮೊದಲು ಕ್ಷಯದ ಅನುಮಾನವೇ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಧೂಳಿನಲ್ಲೇ ಹೊಟ್ಟೆ ಹೊರೆಯುವವರ ಸ್ಥಿತಿ. 2011ರಿಂದ 2014ರ ನಡುವೆ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಸೌರಶಕ್ತಿ ಸ್ಥಾವರ ಕಟ್ಟುತ್ತಿದ್ದ 44 ಕಾರ್ಮಿಕರಿಗೆ ಈ ಕಾಯಿಲೆ ತಗುಲಿತು. ಹವಾಮಾನವನ್ನು ಕಾಪಾಡುವ ಕೆಲಸದಲ್ಲಿ ತೊಡಗಿದವರೇ ಹೀಗೆ ಹಾಸಿಗೆ ಹಿಡಿದರೆಂಬುದು ಬಹಳ ನೋವಿನ ಸಂಗತಿ. ಕಾಯಿಲೆ ಹೆಚ್ಚಿರುವ ಕೌಂಟಿಗಳಲ್ಲಿ ಕಾರ್ಮಿಕರಿಗೆ ಇದರ ಬಗ್ಗೆ ತರಬೇತಿ ಕೊಡಬೇಕೆಂದು ಕ್ಯಾಲಿಫೋರ್ನಿಯ 2019ರಲ್ಲಿ ಕಾನೂನು ಮಾಡಿತು, ಆದರೆ ಅದನ್ನು ಬರೆದದ್ದು ನಿರ್ಮಾಣ ಕಾಮಗಾರಿಗಳಿಗಾಗಿ. ಅದೇ ಮಣ್ಣಿನಲ್ಲಿ ಬಾದಾಮಿ, ದ್ರಾಕ್ಷಿ ಕೊಯ್ಯುವ ಕೂಲಿಯವರಿಗೂ ಅಂಥದೇ ಕಾನೂನಿನ ರಕ್ಷಣೆ ಸಿಗಬೇಕು, ಅದೂ ಮುಂದಿನ ಬರ ಮುಗಿಯುವುದಕ್ಕೆ ಮೊದಲೇ.