ದ್ರವಾಹಾರದಿಂದ ಜಠರ ಮತ್ತೆ ಕಿರಿದಾಗುವುದೇ?

ಜಠರವನ್ನು ಕಿರಿದಾಗಿಸಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದರೆ ಜಠರ ಹಿಗ್ಗಿದೆ ಎಂದರ್ಥ, ಕೆಲವು ದಿನ ಬರೀ ದ್ರವಾಹಾರ ಸೇವಿಸಿದರೆ ಅದು ಕುಗ್ಗುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಸರಿಯಲ್ಲ. ದ್ರವಾಹಾರ ಹಿಗ್ಗಿದ ಜಠರವನ್ನು ಶಸ್ತ್ರಚಿಕಿತ್ಸೆಯ ಬಳಿಕ ಇದ್ದ ಕಿರಿದಾದ ಗಾತ್ರಕ್ಕೆ ತರುವುದಿಲ್ಲ. ಆ ದಿನಗಳಲ್ಲಿ ತಕ್ಕಡಿ ತೋರಿಸುವ ಇಳಿಕೆಯಲ್ಲಿ ಹೆಚ್ಚಿನದು ನೀರಿನಂಶ. ಎಂದಿನ ಊಟ ಶುರುವಾದಾಗ ಅದು ಮರಳುತ್ತದೆ.

ಶಸ್ತ್ರಚಿಕಿತ್ಸೆಯ ಬಳಿಕ ತೂಕ ಸಾಮಾನ್ಯವಾಗಿ 1ರಿಂದ 2 ವರ್ಷಗಳಲ್ಲಿ ಕನಿಷ್ಠ ಮಟ್ಟ ಮುಟ್ಟುತ್ತದೆ. ಆಮೇಲೆ ಸ್ವಲ್ಪ ಏರುವುದು ಬಹಳ ಮಂದಿಯಲ್ಲಿ ಕಾಣುವ ಸಂಗತಿ. ಕೆಲವರಲ್ಲಿ ಜಠರ ಹಿಗ್ಗಿರುವುದೂ ಉಂಟು. ಆದರೆ ಹಸಿವಿನ ಹಾರ್ಮೋನುಗಳು, ತೂಕ ಇಳಿದ ದೇಹ ಕಡಿಮೆ ಶಕ್ತಿ ವ್ಯಯಿಸುವುದು, ಸ್ಟೀರಾಯ್ಡ್‌ನಂತಹ ಔಷಧಿಗಳು, ನಿದ್ರೆಗೇಡು, ಖಿನ್ನತೆ ಇವೂ ಕಾರಣವಾಗುತ್ತವೆ. ಇದನ್ನೆಲ್ಲ ಮನೋಬಲದ ಕೊರತೆ ಎಂದುಬಿಡುವುದು ಅನ್ಯಾಯ.

ಜಠರದ ಗಾತ್ರ ತಿಳಿಯಲು ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಅಥವಾ ಬೇರಿಯಂ ಎಕ್ಸ್‌ರೇ (ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ) ಬೇಕು. ಸಂದೇಶ ಬಂದಾಗ ನೋಡಿ: ಜಠರ ಕುಗ್ಗಿದ್ದನ್ನು ಯಾರು, ಯಾವ ಪರೀಕ್ಷೆಯಿಂದ ಕಂಡರು ಎಂದು ಹೇಳಿದೆಯೇ? ಕೊನೆಯಲ್ಲಿ ಯಾವುದಾದರೂ ಪುಡಿ ಕೊಳ್ಳಲು ಹೇಳುತ್ತದೆಯೇ? ಹಂಚುವವರ ಕಾಳಜಿ ನಿಜವೇ ಇರಬಹುದು. ಆದರೂ ಈ ರೋಗಿಗಳಲ್ಲಿ ಪ್ರೋಟೀನ್, ಥಯಮಿನ್ (ವಿಟಮಿನ್ ಬಿ1) ಕೊರತೆ ಬೇಗ ಕಾಡಬಲ್ಲದು. ವೈದ್ಯರನ್ನು ಕೇಳದೆ ಇಂಥ ಪಥ್ಯ ಬೇಡ. ತೂಕ ಏರತೊಡಗಿದಾಗಲೇ ಅವರನ್ನು ಕಂಡರೆ ಆಹಾರ ಸಲಹೆ, ಔಷಧಿ, ಅಗತ್ಯವಿದ್ದರೆ ಮರುಶಸ್ತ್ರಚಿಕಿತ್ಸೆಯ ದಾರಿಗಳೂ ಇವೆ.