ಪಾಂಡವರ ಮನೆಯಲ್ಲಿ ಸಿಕ್ಕಿಬಿದ್ದೆ

ಸೋಮವಾರಪೇಟೆ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ಮನೆಯಲ್ಲಿ ನೆಟ್‌ವರ್ಕ್ ಸಿಗೋದಿಲ್ಲ. ಹೊತ್ತು ಹೋಗದೆ ಕೂತಿದ್ದ ನನಗೆ, ಮೇಲಿನ ಗುಡ್ಡದಲ್ಲಿ ಪಾಂಡವರ ಮನೆ ಇದೆ ಅಂತ ಚಿಕ್ಕಪ್ಪ ಸುಮ್ನೆ ಹೇಳಿದರು. ಅವರನ್ನೂ ಕರೆದುಕೊಂಡು ಹೊರಟೇಬಿಟ್ಟೆ.

ಮನೆ ಅಂದರೆ ಏನಿಲ್ಲ, ನಾಲ್ಕು ಕಡೆ ಕಲ್ಲು ಚಪ್ಪಡಿ, ಮೇಲೊಂದು ಚಪ್ಪಡಿ, ಸುತ್ತ ಮಣ್ಣು ಕಲ್ಲಿನ ದಿಬ್ಬ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ದೊಡ್ಡಮಳ್ತೆ ಕಡೆಯೂ ಇಂಥವು ಇವೆ. ನಿಜಕ್ಕೂ ಇವು ಕಬ್ಬಿಣದ ಯುಗದವರ ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಪಾಂಡವರಿಗೂ ಇದಕ್ಕೂ ಸಂಬಂಧ ಇಲ್ಲ. ಆ ಕಿಂಡಿಯಲ್ಲಿ ಭೀಮನ ತೊಡೆಯೂ ತೂರಲ್ಲ ಬಿಡಿ.

ಆದರೆ ನಾನು ತೂರಿದೆ! ತಲೆ ಹೋಯಿತು, ಭುಜ ಹೋಯಿತು, ಒಳಗಿನ ನೆಲ ತಗ್ಗಿದ್ದರಿಂದ ಉಳಿದದ್ದು ತಾನಾಗೇ ಜಾರಿಕೊಂಡು ಹೋಯಿತು. ಒಳಗೆ ತಣ್ಣಗಿತ್ತು. ಬಾವಲಿ ಹಿಕ್ಕೆಯ ವಾಸನೆ. ಟಾರ್ಚ್ ಹಾಕಿ ನೋಡಿದರೆ ಮೂಲೆಯಲ್ಲೊಂದು ಮುಳ್ಳುಹಂದಿಯ ಮುಳ್ಳು. ಇಂಥ ಕಡೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ ಸಿಗುತ್ತವೆ ಅಂತ ಓದಿದ್ದೆ, ಇಲ್ಲಿ ನಿಧಿ ಕಳ್ಳರು ಯಾವತ್ತೋ ಬಗೆದು ಹೋಗಿದ್ದರು. ಮುಳ್ಳು ಇದೆ ಅಂದಮೇಲೆ ಮುಳ್ಳುಹಂದಿಯೂ ಇರಬೇಕಲ್ವಾ ಅಂತ ಹೊಳೆದದ್ದು ಆಮೇಲೆ.

ಹೊರಗೆ ಬರುವಾಗ ಕಥೆ ಬೇರೆಯಾಯಿತು. ಬೆಳಿಗ್ಗೆ ಚಿಕ್ಕಮ್ಮ ಬಡಿಸಿದ ಆರು ಕಡುಬು ಕಿಂಡಿಗೆ ಅಡ್ಡ ನಿಂತವು. ಆ ಕಾಲದಲ್ಲಿ ಎಷ್ಟೋ ಕಡೆ ಇಡೀ ಹೆಣ ಇಡುತ್ತಿರಲಿಲ್ಲವಂತೆ, ಆಮೇಲೆ ಮೂಳೆ ಆರಿಸಿ ತಂದು ಇಡುತ್ತಿದ್ದರಂತೆ. ಮೂಳೆಗೆ ಇಷ್ಟು ಕಿಂಡಿ ಸಾಕು. ನನಗೆ ಮೂಳೆಯ ಮೇಲೆ ಇನ್ನೂ ಏನೇನೋ ಇದೆ.

ಅರ್ಧ ಹೊರಗೆ, ಅರ್ಧ ಸಮಾಧಿಯಲ್ಲಿ. ಚಿಕ್ಕಪ್ಪ ಎರಡೂ ಕೈ ಹಿಡಿದು ಎಳೆಯುತ್ತಿದ್ದಾರೆ, ಕಿವಿ ಹಿಂದೆ ಜಿಗಣೆ ಹತ್ತುತ್ತಿದೆ. ಆಗ ಮುಷ್ಟಿಯಲ್ಲಿದ್ದ ಫೋನ್ ರಿಂಗಾಯಿತು! ಮೂರು ದಿನದಲ್ಲಿ ಮೊದಲ ಕರೆ. ಚಿಕ್ಕಪ್ಪ ಎಳೆಯೋದು ಬಿಟ್ಟು ಫೋನ್ ಎತ್ತಿ ನನ್ನ ಕಿವಿಗೆ ಇಟ್ಟರು.

"ಸರ್, ಮನೆ ಸಾಲ ಬೇಕಿತ್ತಾ?"

"ಬೇಡಮ್ಮ, ಒಂದು ಮನೆಯಿಂದ ಹೊರಗೆ ಬರೋಕೇ ಆಗ್ತಿಲ್ಲ."

ಕೊನೆಗೆ ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಂಡು, ಅಂಗಿಯ ಎರಡು ಗುಂಡಿ ಕಳೆದುಕೊಂಡು ಹೊರಬಿದ್ದೆ.

ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಎಲ್ಲೂ ಕಾಣಲಿಲ್ಲ. ಚಿಕ್ಕಮ್ಮನನ್ನು ಕೇಳಿದೆ.

"ಮಗಳಿಗೆ ಫೋನ್ ಮಾಡಬೇಕು ಅಂತ ಪಾಂಡವರ ಮನೆಗೆ ಹೋಗಿದಾರಪ್ಪ."