ದೈವವಾದರೆ ಅಜ್ಜ, ಮನುಷ್ಯನಾದರೆ ‘ಅವನು’

ನಮ್ಮ ಕಾಸರಗೋಡಿನಲ್ಲಿ ಬ್ರಹ್ಮಕಲಶೋತ್ಸವವಾಗಲಿ, ಶಾಲೆಯ ಶತಮಾನೋತ್ಸವವಾಗಲಿ, ಒಂದು ಸ್ಮರಣ ಸಂಚಿಕೆ ಹೊರಬರದೆ ಮುಗಿಯುವುದಿಲ್ಲ. ಅದರಲ್ಲಿ ಊರಿನ ಜನಜೀವನದ ಬಗ್ಗೆ ಒಂದು ಲೇಖನ, ಆ ಲೇಖನದಲ್ಲಿ ಇಲ್ಲಿನ ಆದಿವಾಸಿ ಸಮುದಾಯವಾದ ಕೊರಗರ ಬಗ್ಗೆ ಒಂದು ಪ್ಯಾರಾ. ಇಂಥ ಸಂಚಿಕೆಗಳ ಕರಡು ತಿದ್ದುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಿರುವುದರಿಂದ ಆ ಪ್ಯಾರಾ ನನಗೆ ಬಾಯಿಪಾಠವಾಗಿದೆ. ಕೊರಗನು ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುತ್ತಾನೆ, ಡೋಲು ಬಾರಿಸುತ್ತಾನೆ, ಇವರಲ್ಲಿ ಸೊಪ್ಪು ಕೊರಗ, ಅಂಡೆ ಕೊರಗ, ವಸ್ತ್ರ ಕೊರಗ ಎಂಬ ವಿಭಾಗಗಳಿವೆ.

ಇವೆಯಂತೆ! ಎಲ್ಲಿವೆ? ಆ ಪಟ್ಟಿ 1909ರಲ್ಲಿ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಮದ್ರಾಸಿನಿಂದ ಹೊರತಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗೆಗಿನ ಏಳು ಸಂಪುಟಗಳ ಗ್ರಂಥದಲ್ಲಿದೆ. ಅಲ್ಲಿಂದ ಒಬ್ಬರು ಇಳಿಸಿಕೊಂಡರು, ಅವರಿಂದ ಇನ್ನೊಬ್ಬರು. ನೂರು ವರ್ಷ ದಾಟಿದ ಮೇಲೂ ಅದು ವರ್ತಮಾನ ಕಾಲದಲ್ಲೇ ಅಚ್ಚಾಗುತ್ತಿದೆ. ಲೇಖಕರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಪದವಿ ಓದಿದ ಕೊರಗ ಯುವತಿಯೊಬ್ಬರಿದ್ದಾರೆ. ಅವರನ್ನು ಕೇಳಬೇಕೆಂದು ಯಾರಿಗೂ ತೋಚಿಲ್ಲ.

ಅದೇ ಸಂಚಿಕೆಯ ಮತ್ತೊಂದು ಪುಟದಲ್ಲಿ ತುಳುನಾಡಿನ ದೈವ ಕೊರಗಜ್ಜನ ಕಾರಣಿಕದ, ಅಂದರೆ ಪವಾಡದ, ವರ್ಣನೆ. ತನಿಯ ಎಂಬ ಕೊರಗ ಯುವಕ ದೈವವಾದ ಕೂಡಲೇ ನಮಗೆಲ್ಲ ಅಜ್ಜನಾಗುತ್ತಾನೆ. ಬದುಕಿರುವ ಕೊರಗರು ಎಷ್ಟೇ ವಯಸ್ಸಾದವರಾದರೂ ‘ಅವನು’, ‘ಅವಳು’. ಪಕ್ಕದ ಪುಟದಲ್ಲಿರುವ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನರು ಮಾತ್ರ ‘ಅವರು’. ಅವರು ಬರುತ್ತಾರೆ, ಕುಳಿತುಕೊಳ್ಳುತ್ತಾರೆ, ಕೀರ್ತಿಶೇಷರಾಗುತ್ತಾರೆ. ಇದು ಲೇಖಕರ ಶೈಲಿ, ನಾವೇಕೆ ತಿದ್ದಬೇಕು ಎಂದು ಸಂಪಾದಕರು ಹೇಳುವುದುಂಟು. ಯಜಮಾನರಿಗೆ ಯಾರಾದರೂ ಏಕವಚನ ಬರೆದಿದ್ದರೆ ಅದನ್ನೂ ಶೈಲಿ ಎಂದು ಬಿಡುತ್ತಿದ್ದರೇ?

ಕೆನಡಾದ ಗ್ರೆಗರಿ ಯಂಗಿಂಗ್ ಎಂಬವರು ಕ್ರೀ ಜನಾಂಗದವರು. ಅಲ್ಲಿನ ಮೂಲನಿವಾಸಿಗಳೇ ನಡೆಸುವ ಥೀಟಸ್ ಬುಕ್ಸ್ ಪ್ರಕಾಶನದಲ್ಲಿ ದೀರ್ಘಕಾಲ ಸಂಪಾದಕರಾಗಿದ್ದವರು. ಮೂಲನಿವಾಸಿಗಳ ಬಗ್ಗೆ ಬರೆಯುವವರಿಗೂ ಅವರ ಬರಹ ತಿದ್ದುವವರಿಗೂ 22 ಸೂತ್ರಗಳ ಒಂದು ಕೈಪಿಡಿಯನ್ನು 2018ರಲ್ಲಿ ಪ್ರಕಟಿಸಿದರು. ಜೀವಂತ ಸಮುದಾಯವನ್ನು ಅಳಿದುಹೋದವರಂತೆ ಭೂತಕಾಲದಲ್ಲಿ ಬರೆಯಬೇಡಿ, ಅವರು ನಿಮ್ಮ ಸೊತ್ತು ಎಂಬಂತೆ ಬರೆಯಬೇಡಿ, ಅವರ ಮೌಖಿಕ ಪರಂಪರೆಯನ್ನು ಅಚ್ಚಿಗೆ ಹಾಕುವ ಮೊದಲು ಹಿರಿಯರ ಒಪ್ಪಿಗೆ ಪಡೆಯಿರಿ ಎನ್ನುತ್ತದೆ ಅದು. ಇಂಗ್ಲಿಷಿನ ದೊಡ್ಡಕ್ಷರದ ಬಗ್ಗೆಯೂ ಒಂದು ನಿಯಮವಿದೆ. ನಮ್ಮ ಲಿಪಿಯಲ್ಲಿ ಅದಕ್ಕೆ ಕೆಲಸವಿಲ್ಲ, ನಮ್ಮ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ. ಭೂತಕಾಲದ ನಿಯಮವನ್ನಂತೂ ನಾವು ತಿರುಗಿಸಿ ಓದಿಕೊಳ್ಳಬೇಕು: 1909ನ್ನು ಇಂದಿನದೆಂದು ಬರೆಯುವುದು ನಮ್ಮ ರೋಗ.

ಬರಹ ಕೊರಗರದೇ ಆದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ತರುಣರೊಬ್ಬರು ತಮ್ಮ ಹಾಸ್ಟೆಲಿನ ದಿನಗಳ ಬಗ್ಗೆ ಒಂದು ಲೇಖನ ಕೊಟ್ಟಿದ್ದರು. ಊಟದ ಸಾಲು, ಗಣಿತದ ಭಯ, ರಜೆಯಲ್ಲಿ ಬಸ್ಸಿಗೆ ಕಾಯುವುದು, ನಡುನಡುವೆ ತಮಾಷೆ. ಸಮಿತಿಯವರಿಗೆ ಅದು ಸಾಲಲಿಲ್ಲ. ಅಜಲಿನ ಬಗ್ಗೆ ಸ್ವಲ್ಪ ಸೇರಿಸಿದರೆ ಓದುಗರ ಮನಸ್ಸಿಗೆ ತಟ್ಟುತ್ತದೆ ಎಂದರು. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಆ ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನಿನಿಂದಲೇ ನಿಷೇಧಿಸಿತು. ಆ ಅವಮಾನದ ಕಥೆ ಬರೆಯಲೇಬೇಕಾದದ್ದು, ನಿಜ. ಆದರೆ ಯಾವಾಗ, ಯಾರ ಮುಂದೆ ಎಂಬುದನ್ನು ನಿರ್ಧರಿಸುವವರು ಅದನ್ನು ಉಂಡವರೇ ಹೊರತು ಸಂಚಿಕೆಯ ಸಮಿತಿಯಲ್ಲ. ಆ ತರುಣರು ಲೇಖನವನ್ನೇ ವಾಪಸು ತೆಗೆದುಕೊಂಡರು. ಸಂಚಿಕೆಯಲ್ಲಿ ಹಳೆಯ ಪ್ಯಾರಾ ಉಳಿಯಿತು.

ಗಡಿನಾಡ ಕನ್ನಡಿಗರಾದ ನಮಗೆ ಇದು ಅರ್ಥವಾಗದ್ದೇನಲ್ಲ. 1956ರಲ್ಲಿ ನಮ್ಮನ್ನು ಕೇಳದೆ ಗೆರೆ ಎಳೆದು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕದತ್ತ ಸೇರಲಿ ಎಂದರೂ ಗೆರೆ ಕದಲಲಿಲ್ಲ. 2017ರಲ್ಲಿ ಶಾಲೆಗಳಿಗೆಲ್ಲ ಮಲೆಯಾಳ ಕಡ್ಡಾಯ ಎಂದಾಗ ಬೀದಿಗಿಳಿದೆವು. ನಮ್ಮ ಬಗ್ಗೆ ನಮ್ಮನ್ನು ಕೇಳಿ ಎಂಬುದೇ ಅಂದಿನಿಂದ ಇಂದಿನವರೆಗೆ ನಮ್ಮ ವಾದ. ನಮಗಿಂತ ಸಣ್ಣ ಸಮುದಾಯದ ಮುಂದೆ ನಿಂತಾಗ ಆ ವಾದ ಎಲ್ಲಿ ಅಡಗುತ್ತದೋ!

ಒಳ್ಳೆಯ ಉದ್ದೇಶವೊಂದೇ ಸಾಲುವುದಿಲ್ಲ. 2024ರ ಜೂನಿನಲ್ಲಿ ಕೇರಳ ಸರಕಾರ ದಲಿತರ, ಆದಿವಾಸಿಗಳ ವಸತಿಗಳಿಗಿದ್ದ ‘ಕಾಲೊನಿ’ ಎಂಬ ಹೆಸರನ್ನು ಕೈಬಿಡಲು ಆದೇಶಿಸಿತು. ಬೇಕಾಗಿತ್ತು. ಆದರೆ ಅದರ ಜೊತೆಗೆ ಆದಿವಾಸಿಗಳು ತಾವೇ ಬಳಸುವ ‘ಊರು’ ಕೂಡ ಹೋಯಿತು. ಅಷ್ಟಕ್ಕೂ ಕೇಳಲು ಜಾಗವಿಲ್ಲವೆಂದಲ್ಲ, ಆದಿವಾಸಿಗಳ ಗ್ರಾಮಸಭೆಗಳಾದ ಊರುಕೂಟಗಳು ಇವೆ.

ಹಾಗಾದರೆ ನಾವು ಬರೆಯಲೇಬಾರದೇ ಎಂದು ಮುನಿಸಿಕೊಳ್ಳುವವರಿಗೆ: ಬರೆಯಿರಿ. ಅಚ್ಚಿಗೆ ಕೊಡುವ ಮೊದಲು ಅವರೆದುರು ಕುಳಿತು ಓದಿ ಹೇಳಿ. ಇದು ಬೇಡ ಎಂದರೆ ತೆಗೆಯಿರಿ. ಇಲ್ಲಿನವೇ ಆದಿವಾಸಿ ಸಮುದಾಯಗಳಾದ ಮಾವಿಲರು, ಮಲೆವೆಟ್ಟುವರು ತಮ್ಮ ಮಾತಿನಲ್ಲೇ ಕವಿತೆ ಬರೆದು ಮಲೆಯಾಳ ಲಿಪಿಯಲ್ಲಿ ಪ್ರಕಟಿಸುತ್ತಿದ್ದಾರೆ. ಮಾವಿಲರ ಮಾತು ತುಳುವಿಗೆ ಹತ್ತಿರ, ನಮಗೆ ಅರ್ಥವಾಗುವಂಥದ್ದು. ಆದರೂ ನಮ್ಮ ಎಷ್ಟು ಸಂಚಿಕೆಗಳು ಅವರಿಂದ ಬರಹ ಕೇಳಿವೆ?

ಈಗ ಕೈಯಲ್ಲಿರುವ ಸಂಚಿಕೆಯ ಸಮಿತಿಗೆ ಇಷ್ಟನ್ನೂ ಹೇಳಿದ್ದೇನೆ. ಏಕವಚನ ತಿದ್ದಲು ತಕರಾರಿಲ್ಲ. ಸಂಚಿಕೆಯಲ್ಲಿ ಅಚ್ಚಾಗುವ ಹಾಡನ್ನು ಹೇಳಿದ ಅಜ್ಜಿಯ ಹೆಸರು ಮೇಲೆ, ಸಂಗ್ರಾಹಕರ ಹೆಸರು ಕೆಳಗೆ ಎಂಬುದಕ್ಕೂ ಸ್ವಲ್ಪ ಗೊಣಗಿ ಒಪ್ಪಿದರು. ಅಜ್ಜಿಗೆ ಗೌರವಧನ ಎಂದಾಗ ಮಾತ್ರ ಖಜಾಂಚಿಯವರು ಮುಂದಿನ ಸಭೆಯಲ್ಲಿ ನೋಡೋಣ ಎಂದಿದ್ದಾರೆ.